ನಿಷೇಧವೂ ಇಲ್ಲ, ಹಣವೂ ಅಲ್ಲ: ಕ್ರಿಪ್ಟೋ ಮತ್ತು ಸ್ಮಾರ್ಟ್ ಕಾಂಟ್ರ್ಯಾಕ್ಟ್ ಕುರಿತ ಒಂದು ಮರುಪಾಠ

ಹಿನ್ನೆಲೆ

ದ್ವಿತೀಯ ಪಿಯುಸಿ ಅರ್ಥಶಾಸ್ತ್ರದ ‘ಹಣ ಮತ್ತು ಬ್ಯಾಂಕಿಂಗ್’ ಅಧ್ಯಾಯವನ್ನು ನಮ್ಮ ಪ್ರಶಿಕ್ಷಣಾರ್ಥಿಗಳು ಪ್ರತಿ ವರ್ಷ ಬೋಧನಾಭ್ಯಾಸಕ್ಕೆ ಆರಿಸಿಕೊಳ್ಳುತ್ತಾರೆ. ಹಣದ ಕಾರ್ಯಗಳು, ರಿಸರ್ವ್ ಬ್ಯಾಂಕಿನ ಪಾತ್ರ, ಸಾಲ ಸೃಷ್ಟಿ ಇವುಗಳಿಗೆ ಪಾಠಯೋಜನೆ ಬರೆಯುವುದು ಕಷ್ಟವಲ್ಲ. ಆದರೆ ವಿನಿಮಯ ಮಾಧ್ಯಮ ಎಂಬ ಪದ ಹಲಗೆಯ ಮೇಲೆ ಬಂದ ಕೂಡಲೇ ಹಿಂದಿನ ಬೆಂಚಿನಿಂದ ಈಗ ಒಂದು ಪ್ರಶ್ನೆ ಬಂದೇ ಬರುತ್ತದೆ: “ಹಾಗಾದ್ರೆ ಬಿಟ್‌ಕಾಯಿನ್?”

ಮಲೆನಾಡಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಈ ಪ್ರಶ್ನೆಯನ್ನು ಎದುರಿಸಿದ ಪ್ರಶಿಕ್ಷಣಾರ್ಥಿಯೊಬ್ಬರ ಪಾಠವನ್ನು ನಾನು ವೀಕ್ಷಿಸಿದೆ. ಮೊದಲ ಪಾಠ ಸೋತಿತು. ವಾರದ ನಂತರ ಅದೇ ತರಗತಿಗೆ ಎರಡು ಅವಧಿಗಳ ಮರುಪಾಠ ನಡೆಯಿತು. ಎರಡನ್ನೂ ಇಲ್ಲಿ ದಾಖಲಿಸುತ್ತಿದ್ದೇನೆ. ತರಗತಿಯಲ್ಲಿ ಆಡುವ ಒಂದು ತಪ್ಪು ವಾಕ್ಯ ಮನೆಯ ಹಣಕ್ಕೆ ಹೇಗೆ ತಗಲಬಹುದು ಎಂಬುದನ್ನು ಈ ಪಾಠ ನನಗೂ ಕಲಿಸಿತು.

ಮೊದಲ ಪಾಠದಲ್ಲಿ ಆದದ್ದು

ಪ್ರಶ್ನೆ ಬಂದಾಗ ಪ್ರಶಿಕ್ಷಣಾರ್ಥಿ ತಡವರಿಸದೆ ಉತ್ತರಿಸಿದರು: “ಭಾರತದಲ್ಲಿ ಕ್ರಿಪ್ಟೋ ಕಾನೂನುಬಾಹಿರ. ಅದರ ಬಗ್ಗೆ ನಾವು ಓದಬೇಕಾಗಿಲ್ಲ.” ಒಬ್ಬ ಹುಡುಗ ಎದ್ದು ನಿಂತ. “ಮೇಡಂ, ಕಾನೂನುಬಾಹಿರ ಆದ್ರೆ ಸರ್ಕಾರ ಯಾಕೆ ಟ್ಯಾಕ್ಸ್ ತಗೊಳ್ಳುತ್ತೆ? ಟ್ಯಾಕ್ಸ್ ಹಾಕಿದ್ಮೇಲೆ ಸರ್ಕಾರ ಒಪ್ಪಿದ ಹಾಗೇ ಅಲ್ವಾ?” ಪ್ರಶಿಕ್ಷಣಾರ್ಥಿ ಬಳಿ ಉತ್ತರವಿರಲಿಲ್ಲ. “ಅದು ಪಠ್ಯದಲ್ಲಿಲ್ಲ” ಎಂದು ಮುಂದಿನ ಅಂಶಕ್ಕೆ ಹೋದರು.

ಪಾಠ ಮುಗಿದ ಮೇಲೆ ಆ ಹುಡುಗ ಜಗಲಿಯಲ್ಲಿ ಅವರನ್ನು ತಡೆದು ನಿಲ್ಲಿಸಿದ. ಅವನ ಅಣ್ಣ ಅಡಿಕೆ ಮಾರಿ ಬಂದ ಹಣದಲ್ಲಿ ಒಂದು ಭಾಗವನ್ನು ಯಾವುದೋ ‘ಕಾಯಿನ್’ ಆ್ಯಪ್‌ಗೆ ಹಾಕಿದ್ದ. ದಿನಕ್ಕೆ ಶೇ 1 ಲಾಭ ಎಂದು ಮೊಬೈಲ್ ಗುಂಪೊಂದರಲ್ಲಿ ಹೇಳಿದ್ದರಂತೆ. ತೆರಿಗೆ ಇದೆ ಎಂದರೆ ಸರ್ಕಾರವೇ ಒಪ್ಪಿದೆ ಎಂಬ ಮಾತನ್ನೂ ಅಲ್ಲಿಯೇ ಕೇಳಿದ್ದಂತೆ. ಅಪ್ಪನಿಗೆ ಇನ್ನೂ ಹೇಳಿರಲಿಲ್ಲ.

ವೀಕ್ಷಣಾ ಪುಸ್ತಕದಲ್ಲಿ ನಾನು ಎರಡೇ ಸಾಲು ಬರೆದೆ: ‘ವಿಷಯದಲ್ಲಿ ದೋಷ. ವಿದ್ಯಾರ್ಥಿಯ ಪ್ರಶ್ನೆ ಸರಿಯಿತ್ತು; ಅದಕ್ಕೇ ಒಂದು ಪಾಠ ಬೇಕು.’

ವಿಷಯ ವಿಶ್ಲೇಷಣೆ

ಮರುಪಾಠಕ್ಕೆ ಮುನ್ನ ನಾವಿಬ್ಬರೂ ಕುಳಿತು ವಿಷಯವನ್ನು ನಾಲ್ಕು ಎಳೆಗಳಾಗಿ ಬಿಡಿಸಿಕೊಂಡೆವು. ಪ್ರಶಿಕ್ಷಣಾರ್ಥಿಗಳು ಇವನ್ನು ಬೆರೆಸುವುದರಿಂದಲೇ ಹೆಚ್ಚಿನ ಗೊಂದಲ ಹುಟ್ಟುತ್ತದೆ.

1. ಬ್ಲಾಕ್‌ಚೈನ್: ಇದೊಂದು ದಾಖಲೆ ಇಡುವ ವಿಧಾನ. ಒಂದೇ ಲೆಕ್ಕಪುಸ್ತಕದ ಪ್ರತಿ ಅನೇಕರ ಬಳಿ ಇರುತ್ತದೆ. ಪ್ರತಿ ಪುಟವೂ ಹಿಂದಿನ ಪುಟದ ಗುರುತನ್ನು ಹೊತ್ತಿರುತ್ತದೆ.

2. ಕ್ರಿಪ್ಟೋ ಆಸ್ತಿ: ಆ ವಿಧಾನದ ಮೇಲೆ ನಡೆಯುವ, ಕೊಂಡು ಮಾರಬಹುದಾದ ವಸ್ತು. ಬಿಟ್‌ಕಾಯಿನ್‌ನ ಪ್ರಸ್ತಾವ ಸತೋಶಿ ನಕಾಮೊಟೊ ಎಂಬ ಹೆಸರಿನಲ್ಲಿ 2008ರ ಅಕ್ಟೋಬರ್ 31ರಂದು ಪ್ರಕಟವಾಯಿತು. ಮೊದಲ ಬ್ಲಾಕ್ 2009ರ ಜನವರಿ 3ರದ್ದು. ಒಟ್ಟು ಸಂಖ್ಯೆ 2.1 ಕೋಟಿಯನ್ನು ಮೀರದಂತೆ ನಿಯಮ ಬರೆಯಲಾಗಿದೆ.

3. ಸ್ಮಾರ್ಟ್ ಕಾಂಟ್ರ್ಯಾಕ್ಟ್: ‘ಹೀಗಾದರೆ ಹಾಗೆ ಮಾಡು’ ಎಂಬ ಷರತ್ತನ್ನು ಪ್ರೋಗ್ರಾಂ ಆಗಿ ಬರೆದು ಬ್ಲಾಕ್‌ಚೈನ್‌ನಲ್ಲಿ ಇರಿಸುವುದು. ಈ ಪದವನ್ನು 1990ರ ದಶಕದಲ್ಲಿ ಬಳಕೆಗೆ ತಂದವರು ನಿಕ್ ಸಾಬೊ. ನಾಣ್ಯ ಹಾಕಿದರೆ ಪಾನೀಯ ಕೊಡುವ ಯಂತ್ರ ಅವರು ಕೊಟ್ಟ ಉದಾಹರಣೆ. ಇದಕ್ಕೆಂದೇ ಕಟ್ಟಿದ ಎಥೇರಿಯಂ ಜಾಲ 2015ರ ಜುಲೈನಲ್ಲಿ ಆರಂಭವಾಯಿತು.

4. ನಿಯಂತ್ರಣ: ಮೇಲಿನ ಮೂರರ ಬಗ್ಗೆ ದೇಶದ ಕಾನೂನು ಏನು ಹೇಳುತ್ತದೆ ಎಂಬುದು.

ನಾಲ್ಕನೆಯ ಎಳೆಯಲ್ಲಿ ದಿನಾಂಕಗಳ ಕ್ರಮವೇ ಪಾಠ. 2013ರ ಡಿಸೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಸಾರ್ವಜನಿಕರಿಗೆ ಎಚ್ಚರಿಕೆ ನೀಡಿತು. 2018ರ ಏಪ್ರಿಲ್ 6ರ ಸುತ್ತೋಲೆಯಲ್ಲಿ, ಇಂಥ ವ್ಯವಹಾರ ನಡೆಸುವವರಿಗೆ ಸೇವೆ ನೀಡಬಾರದೆಂದು ಬ್ಯಾಂಕುಗಳಿಗೆ ಹೇಳಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಮಾಲ್ ಒಂದರಲ್ಲಿ ಇರಿಸಿದ್ದ ಬಿಟ್‌ಕಾಯಿನ್ ಯಂತ್ರವನ್ನು ಪೊಲೀಸರು ವಶಪಡಿಸಿಕೊಂಡರು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದುಪಡಿಸಿತು. ಇಲ್ಲಿ ಎಚ್ಚರ ಬೇಕು. ಕ್ರಿಪ್ಟೋ ಹಣವೆಂದು ನ್ಯಾಯಾಲಯ ಹೇಳಲಿಲ್ಲ. ರಿಸರ್ವ್ ಬ್ಯಾಂಕಿಗೆ ಅಧಿಕಾರವೇ ಇಲ್ಲ ಎಂದೂ ಹೇಳಲಿಲ್ಲ. ಬ್ಯಾಂಕುಗಳಿಗೆ ಆದ ಹಾನಿಯನ್ನು ತೋರಿಸದೆ ಒಂದು ವ್ಯಾಪಾರದ ಉಸಿರನ್ನೇ ಕಟ್ಟುವ ಕ್ರಮ ಪ್ರಮಾಣ ಮೀರಿದ್ದು ಎಂಬುದು ತೀರ್ಪಿನ ತಿರುಳು.

2022ರ ಏಪ್ರಿಲ್ 1ರಿಂದ ‘ವರ್ಚುವಲ್ ಡಿಜಿಟಲ್ ಆಸ್ತಿ’ಯ ಲಾಭಕ್ಕೆ ಶೇ 30 ತೆರಿಗೆ, ಜುಲೈ 1ರಿಂದ ನಿಗದಿತ ಮಿತಿ ಮೀರಿದ ವರ್ಗಾವಣೆಗೆ ಶೇ 1 ಮೂಲದಲ್ಲೇ ಕಡಿತ ಜಾರಿಗೆ ಬಂದವು. 2023ರ ಮಾರ್ಚ್ 7ರ ಅಧಿಸೂಚನೆ ಈ ಸೇವೆ ನೀಡುವವರನ್ನು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ತಂದಿತು. ಅವರು ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿಕೊಂಡು ಗ್ರಾಹಕರ ಗುರುತಿನ ದಾಖಲೆ ಇಡಬೇಕು. ಇಷ್ಟಾದರೂ ಹೂಡಿಕೆದಾರರ ರಕ್ಷಣೆಗೆಂದೇ ಮಾಡಿದ ಸಮಗ್ರ ಕಾಯ್ದೆ ಈ ಲೇಖನ ಬರೆಯುವ ಹೊತ್ತಿಗೆ ನಮ್ಮಲ್ಲಿ ಇಲ್ಲ.

ಹೋಲಿಕೆಗೆ ಮೂರು ಉದಾಹರಣೆ ಸಾಕು. ಚೀನಾ 2021ರಲ್ಲಿ ಎಲ್ಲ ಕ್ರಿಪ್ಟೋ ವ್ಯವಹಾರವನ್ನು ನಿಷೇಧಿಸಿತು. ಎಲ್ ಸಾಲ್ವಡಾರ್ ಅದೇ ವರ್ಷ ಬಿಟ್‌ಕಾಯಿನ್‌ಗೆ ಕಾನೂನುಬದ್ಧ ಹಣದ ಸ್ಥಾನ ಕೊಟ್ಟು, 2025ರಲ್ಲಿ ಅದನ್ನು ಸ್ವೀಕರಿಸಲೇಬೇಕೆಂಬ ಕಡ್ಡಾಯವನ್ನು ತೆಗೆಯಿತು. ಯುರೋಪಿಯನ್ ಒಕ್ಕೂಟ ಪ್ರತ್ಯೇಕ ನಿಯಮಾವಳಿ ರಚಿಸಿ 2024ರ ಡಿಸೆಂಬರ್ 30ರಿಂದ ಪೂರ್ಣವಾಗಿ ಜಾರಿಗೊಳಿಸಿತು.

ಮರುಪಾಠದ ಯೋಜನೆ

ತರಗತಿ: ದ್ವಿತೀಯ ಪಿಯುಸಿ. ಅವಧಿ: ಎರಡು.
ಪೂರ್ವಜ್ಞಾನ: ಹಣದ ಕಾರ್ಯಗಳು, ಲೆಕ್ಕಶಾಸ್ತ್ರದಲ್ಲಿ ‘ಮುಂದಕ್ಕೆ ಒಯ್ದದ್ದು’ ಎಂಬ ಕ್ರಮ, ಬೆಳೆ ವಿಮೆಯ ಮನೆಯ ಅನುಭವ.
ಕಲಿಕೋಪಕರಣಗಳು: ಐದು ನೋಟ್‌ಪುಸ್ತಕ, ಒಂದು ಡಬ್ಬಿ, ಇಪ್ಪತ್ತು ಸೀಮೆಸುಣ್ಣದ ತುಂಡು, ಒಂದು ಲೋಟ, ನೀರು.

ಕಲಿಕಾ ಫಲಗಳು: ವಿದ್ಯಾರ್ಥಿಯು
– ‘ಕಾನೂನುಬದ್ಧ ಹಣ’, ‘ನಿಷೇಧಿತ ವಸ್ತು’, ‘ತೆರಿಗೆಗೊಳಪಟ್ಟ ಆಸ್ತಿ’ ಇವುಗಳ ವ್ಯತ್ಯಾಸ ಹೇಳುತ್ತಾನೆ/ಳೆ;
– ಪುಟದ ಗುರುತಿನ ಮೂಲಕ ತಿದ್ದುಪಡಿ ಪತ್ತೆಯಾಗುವ ಬಗೆಯನ್ನು ಲೆಕ್ಕ ಮಾಡಿ ತೋರಿಸುತ್ತಾನೆ/ಳೆ;
– ಸ್ಮಾರ್ಟ್ ಕಾಂಟ್ರ್ಯಾಕ್ಟ್‌ನ ಒಂದು ಉಪಯೋಗ, ಒಂದು ಮಿತಿಯನ್ನು ವಿವರಿಸುತ್ತಾನೆ/ಳೆ;
– ‘ಖಚಿತ ಲಾಭ’ದ ಕರೆಯನ್ನು ಲೆಕ್ಕದಿಂದ ಪರೀಕ್ಷಿಸುತ್ತಾನೆ/ಳೆ.

ಪಾಠ ನಿರ್ವಹಣೆ

ಹಂತ 1: ಪೀಠಿಕೆ. ಪ್ರಶಿಕ್ಷಣಾರ್ಥಿ ತಪ್ಪನ್ನು ಒಪ್ಪಿಕೊಂಡೇ ಆರಂಭಿಸಿದರು: “ಹೋದ ವಾರ ನಾನು ಹೇಳಿದ್ದು ಸರಿಯಿರಲಿಲ್ಲ. ಇವತ್ತು ಅದನ್ನು ನೀವೇ ಸರಿ ಮಾಡಬೇಕು.” ತರಗತಿ ನಿಶ್ಶಬ್ದವಾಯಿತು. ತಪ್ಪು ಒಪ್ಪಿದರೆ ಶಿಸ್ತು ಹೋಗುತ್ತದೆ ಎಂದು ಹೆದರುವ ಪ್ರಶಿಕ್ಷಣಾರ್ಥಿಗಳು ಇದನ್ನು ಗಮನಿಸಬೇಕು. ಆ ದಿನ ಗದ್ದಲ ಕಡಿಮೆಯಾಯಿತು, ಪ್ರಶ್ನೆ ಹೆಚ್ಚಾದವು.

ಹಂತ 2: ಲೆಕ್ಕಪುಸ್ತಕದ ಆಟ. ಐವರು ವಿದ್ಯಾರ್ಥಿಗಳಿಗೆ ನೋಟ್‌ಪುಸ್ತಕ ಕೊಟ್ಟು, ತರಗತಿಯಲ್ಲಿ ನಡೆದ ಕೊಡುಕೊಳ್ಳುವಿಕೆಯನ್ನು ಐವರೂ ಬರೆಯುವಂತೆ ಹೇಳಿದರು. ಮೊದಲ ಪುಟದಲ್ಲಿ ಮೂರು ಮೊತ್ತ: 20, 35, 10. ಕೂಡಿದರೆ 65. ಇದು ಪುಟದ ಗುರುತು. ಎರಡನೆಯ ಪುಟ ಇದರಿಂದಲೇ ಆರಂಭ. ಒಬ್ಬನಿಗೆ ಗುಟ್ಟಾಗಿ 35ನ್ನು 25 ಮಾಡಲು ಹೇಳಿದಾಗ ಅವನ ಗುರುತು 55 ಆಗಿ, ಉಳಿದ ನಾಲ್ವರ ಪುಸ್ತಕಕ್ಕೆ ತಾಳೆಯಾಗದೆ ಸಿಕ್ಕಿಬಿದ್ದ.

ಆಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು: “ಮೇಡಂ, 35ನ್ನು 25 ಮಾಡಿ, 10ನ್ನು 20 ಮಾಡಿದ್ರೆ? ಮೊತ್ತ 65 ಇರುತ್ತೆ.” ಯೋಜನೆಯಲ್ಲಿ ಇದು ಇರಲಿಲ್ಲ. ಪ್ರಶಿಕ್ಷಣಾರ್ಥಿ ಒಂದು ನಿಮಿಷ ಯೋಚಿಸಿ, ಪ್ರತಿ ಮೊತ್ತವನ್ನು ಅದರ ಸಾಲಿನ ಸಂಖ್ಯೆಯಿಂದ ಗುಣಿಸಲು ಹೇಳಿದರು.

ಮೂಲ ಪುಟ: 20×1 + 35×2 + 10×3 = 120
ತಿದ್ದಿದ ಪುಟ: 20×1 + 25×2 + 20×3 = 130

ಗುರುತು ಬದಲಾಯಿತು. ಎರಡನೆಯ ಪುಟದ ಮೊತ್ತಗಳು 15 ಮತ್ತು 40. ಮೂಲದಲ್ಲಿ 120 + 15×1 + 40×2 = 215; ತಿದ್ದಿದವನಲ್ಲಿ 225. ಒಂದು ಪುಟದ ಕಳ್ಳತನ ಮುಂದಿನ ಎಲ್ಲ ಪುಟಗಳಿಗೂ ಹರಡುತ್ತದೆ ಎಂಬುದು ಹೀಗೆ ಕಣ್ಣಿಗೆ ಕಂಡಿತು. ಈ ಗುಣಾಕಾರವನ್ನೂ ಜಾಣರು ವಂಚಿಸಬಹುದು. ಬಿಟ್‌ಕಾಯಿನ್ ಬಳಸುವ ಎಸ್‌ಎಚ್‌ಎ-256 ಎಂಬ ಲೆಕ್ಕದಲ್ಲಿ ಒಂದು ಅಕ್ಷರ ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ, ಅದೇ ಗುರುತು ಬರುವಂತೆ ತಿದ್ದುವುದು ಇಂದಿನ ಕಂಪ್ಯೂಟರುಗಳಿಗೆ ಅಸಾಧ್ಯವೆನ್ನುವಷ್ಟು ಕಠಿಣ ಎಂದು ವಿವರಿಸಿದರು.

ಹಂತ 3: ಮಳೆಯ ಡಬ್ಬಿ. ಸ್ಮಾರ್ಟ್ ಕಾಂಟ್ರ್ಯಾಕ್ಟ್ ಕಲಿಸಲು ಊರಿನದೇ ಅನುಭವ ಸಿಕ್ಕಿತು. ಅಡಿಕೆ, ಕಾಳುಮೆಣಸಿಗೆ ಇರುವ ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ತೋಟಕ್ಕೆ ಬಂದು ಹಾನಿ ಅಳೆಯುವುದಿಲ್ಲ. ಗೊತ್ತುಪಡಿಸಿದ ಮಾಪನ ಕೇಂದ್ರದ ಅಂಕಿಅಂಶ ಷರತ್ತಿಗೆ ಹೊಂದಿದರೆ ಪರಿಹಾರ ಲೆಕ್ಕವಾಗುತ್ತದೆ. ಮಕ್ಕಳಿಗೆ ಇದು ಗೊತ್ತು. ಕೊಳೆರೋಗದ ವರ್ಷಗಳಲ್ಲಿ ಮನೆಯಲ್ಲಿ ನಡೆಯುವ ಮಾತೇ ಇದು.

ನಾಲ್ವರಿಗೆ ಪಾತ್ರ ಹಂಚಲಾಯಿತು: ಬೆಳೆಗಾರ, ವಿಮಾ ಕಂಪನಿ, ಮಳೆಮಾಪಕ, ಡಬ್ಬಿ. ಕಂಪನಿ ಹತ್ತು ಸೀಮೆಸುಣ್ಣವನ್ನು ಮೊದಲೇ ಡಬ್ಬಿಗೆ ಹಾಕಬೇಕು. ಷರತ್ತು ಹಲಗೆಯ ಮೇಲೆ: ‘ಲೋಟದ ನೀರು ಗೆರೆ ಮುಟ್ಟಿದರೆ ಐದು ತುಂಡು ಬೆಳೆಗಾರನಿಗೆ, ಇಲ್ಲದಿದ್ದರೆ ಎಲ್ಲವೂ ಕಂಪನಿಗೆ.’ ಡಬ್ಬಿಯ ಪಾತ್ರಧಾರಿ ಮಾತಾಡುವಂತಿಲ್ಲ, ಯಾರ ಮಾತನ್ನೂ ಕೇಳುವಂತಿಲ್ಲ. ಮಳೆಮಾಪಕ ಹೇಳಿದ ‘ಹೌದು’ ಅಥವಾ ‘ಇಲ್ಲ’ ಮಾತ್ರ ಕೇಳಬೇಕು.

ಮೊದಲ ಸುತ್ತಿನಲ್ಲಿ ನೀರು ಗೆರೆ ಮುಟ್ಟಿತು. ಅರ್ಜಿ ಇಲ್ಲ, ಓಡಾಟ ಇಲ್ಲ, ಐದು ತುಂಡು ತಕ್ಷಣ ಬಂತು. ಕಂಪನಿಯವಳು “ಮುಂದಿನ ತಿಂಗಳು ಕೊಡ್ತೀನಿ” ಎಂದರೂ ಡಬ್ಬಿ ಕೇಳಲಿಲ್ಲ. ತರಗತಿ ಚಪ್ಪಾಳೆ ತಟ್ಟಿತು. ಎರಡನೆಯ ಸುತ್ತಿನಲ್ಲಿ ಪ್ರಶಿಕ್ಷಣಾರ್ಥಿ ಲೋಟದ ಬಾಯಿಗೆ ಒಂದು ಎಲೆ ಮುಚ್ಚಿದರು. ಸುರಿದ ನೀರೆಲ್ಲ ಹೊರಗೆ ಚೆಲ್ಲಿತು. ಮಳೆಮಾಪಕ ‘ಇಲ್ಲ’ ಎಂದ. ನೀರು ನೆಲದ ಮೇಲೆ ಹರಿಯುತ್ತಿದ್ದರೂ ಡಬ್ಬಿ ಬೆಳೆಗಾರನಿಗೆ ಏನನ್ನೂ ಕೊಡಲಿಲ್ಲ. “ಇದು ಮೋಸ!” ಎಂದು ಬೆಳೆಗಾರ ಕೂಗಿದ. “ಯಾರು ಮೋಸ ಮಾಡಿದ್ದು?” ಎಂದು ಪ್ರಶಿಕ್ಷಣಾರ್ಥಿ ಕೇಳಿದರು. ಉತ್ತರ ಸುಲಭವಾಗಿ ಬರಲಿಲ್ಲ. ಕಂಪನಿ ನಿಯಮ ಮೀರಿಲ್ಲ, ಡಬ್ಬಿ ತಪ್ಪು ಮಾಡಿಲ್ಲ.

ಇದೇ ಪಾಠದ ಹೃದಯ. ಪ್ರೋಗ್ರಾಂಗೆ ಹೊರಗಿನ ಲೋಕ ಕಾಣದು. ಯಾರೋ ಹೇಳಿದ ಅಂಕಿಯನ್ನು ಅದು ನಂಬಬೇಕು. ಅಂಕಿ ಕೊಡುವ ಈ ಕೊಂಡಿಗೆ ತಂತ್ರಜ್ಞರು ‘ಒರಾಕಲ್’ ಎನ್ನುತ್ತಾರೆ. ದಾಖಲೆಯನ್ನು ತಿದ್ದಲಾಗದು ಎಂಬುದು ನಿಜ. ಆದರೆ ತಪ್ಪಾಗಿ ಬರೆದ ದಾಖಲೆಯನ್ನೂ ತಿದ್ದಲಾಗದು.

ನೈಜ ಉದಾಹರಣೆಯಾಗಿ ವಿಮಾನ ವಿಳಂಬ ವಿಮೆಯನ್ನು ಹೇಳಲಾಯಿತು. ಫ್ರಾನ್ಸಿನ ಆಕ್ಸಾ ಕಂಪನಿ 2017ರಲ್ಲಿ ‘ಫಿಜ್ಜಿ’ ಎಂಬ ಯೋಜನೆಯಲ್ಲಿ, ವಿಮಾನ ಎರಡು ಗಂಟೆಗೂ ಹೆಚ್ಚು ತಡವಾದರೆ ಎಥೇರಿಯಂ ಮೇಲಿನ ಪ್ರೋಗ್ರಾಂ ಮೂಲಕ ಪರಿಹಾರ ನಿರ್ಧಾರವಾಗುವಂತೆ ಮಾಡಿತು. ವಿಮಾನ ಇಳಿದ ಸಮಯದಂಥ ಖಚಿತ ಅಂಕಿ ಸಿಗುವೆಡೆ ಈ ವಿಧಾನ ಚೆನ್ನಾಗಿ ಹೊಂದುತ್ತದೆ. ಆದರೂ 2019ರಲ್ಲಿ ಅದನ್ನು ನಿಲ್ಲಿಸಲಾಯಿತು. ತಂತ್ರ ನಡೆಯುವುದು ಬೇರೆ, ವ್ಯಾಪಾರ ನಡೆಯುವುದು ಬೇರೆ.

ಮಕ್ಕಳ ಕೈಯಲ್ಲೇ ಇರುವ ಬಳಕೆ ಇನ್ನೊಂದು. ಬ್ಯಾಂಕು, ಕಂಪನಿಗಳಿಂದ ಬರುವ ವಾಣಿಜ್ಯ ಎಸ್‌ಎಂಎಸ್‌ಗಳ ಹೆಸರು ಮತ್ತು ಒಕ್ಕಣೆಯನ್ನು ದೂರಸಂಪರ್ಕ ಕಂಪನಿಗಳ ಹಂಚಿತ ದಾಖಲೆ ವ್ಯವಸ್ಥೆಯಲ್ಲಿ ನೋಂದಾಯಿಸಬೇಕೆಂದು ಟ್ರಾಯ್ 2018ರಲ್ಲಿ ನಿಯಮ ಮಾಡಿತು. ಬ್ಲಾಕ್‌ಚೈನ್ ಬಂಧುವಾದ ಈ ವ್ಯವಸ್ಥೆಗೆ ಯಾವ ನಾಣ್ಯವೂ ಬೇಕಿಲ್ಲ. ತಂತ್ರ ಬೇರೆ, ಕಾಯಿನ್ ಬೇರೆ ಎಂಬುದಕ್ಕೆ ಇಷ್ಟು ಹತ್ತಿರದ ಉದಾಹರಣೆ ಮತ್ತೊಂದಿಲ್ಲ.

ಹಂತ 4: ಕರಾರು ಮತ್ತು ಕಾನೂನು. ಎರಡನೆಯ ಅವಧಿ ಭಾರತೀಯ ಕರಾರು ಕಾಯ್ದೆ, 1872ರಿಂದ ಆರಂಭವಾಯಿತು. ಮುಕ್ತ ಒಪ್ಪಿಗೆ, ಅರ್ಹ ಪಕ್ಷಗಳು, ಕಾನೂನುಬದ್ಧ ಪ್ರತಿಫಲ ಇದ್ದರೆ ಮಾತ್ರ ಕರಾರು. “ನಿಮ್ಮಲ್ಲಿ 18 ತುಂಬಿದವರು ಯಾರು?” ಮೂರು ಕೈ ಎದ್ದವು. ಉಳಿದವರು ಅಪ್ರಾಪ್ತರು, ಅವರು ಮಾಡಿಕೊಂಡ ಕರಾರು ಶೂನ್ಯ ಎಂಬುದು 1903ರ ಮೋಹರಿ ಬೀಬಿ ಪ್ರಕರಣದಿಂದ ನೆಲೆಗೊಂಡಿದೆ. ಪ್ರೋಗ್ರಾಂ ಮಾತ್ರ ವಯಸ್ಸು ಕೇಳುವುದಿಲ್ಲ, ಬಲವಂತ ನೋಡುವುದಿಲ್ಲ. ನ್ಯಾಯಾಲಯ ‘ಶೂನ್ಯ’ ಎನ್ನುವ ಹೊತ್ತಿಗೆ ಹಣ ಹೋಗಿರುತ್ತದೆ. ಆದ್ದರಿಂದ ಪ್ರತಿ ಸ್ಮಾರ್ಟ್ ಕಾಂಟ್ರ್ಯಾಕ್ಟ್ ಕಾನೂನಿನ ಕರಾರಲ್ಲ.

‘ಬರೆದ ಪ್ರೋಗ್ರಾಂ ತಪ್ಪಾಗಿದ್ದರೆ?’ ಎಂಬುದಕ್ಕೆ 2016ರ ‘ದಿ ಡಿಎಒ’ ಪ್ರಕರಣ. ಎಥೇರಿಯಂ ಮೇಲೆ ಜನ ಕೂಡಿ ಹೂಡಿದ ನಿಧಿಯ ಪ್ರೋಗ್ರಾಂನಲ್ಲಿದ್ದ ದೋಷವನ್ನು ಬಳಸಿ ಜೂನ್ 17ರಂದು ಸುಮಾರು 36 ಲಕ್ಷ ಈಥರ್ ಸೆಳೆಯಲಾಯಿತು. ಪ್ರೋಗ್ರಾಂ ಅನುಮತಿಸಿದ್ದನ್ನೇ ಮಾಡಿದರೆ ಅದು ಕಳವೇ ಎಂದು ಕೆಲವರು ವಾದಿಸಿದರು. ಕೊನೆಗೆ ಬಹುಮಂದಿ ಒಪ್ಪಿ ಜುಲೈ 20ರಂದು ದಾಖಲೆಯ ಹಾದಿಯನ್ನೇ ಬದಲಿಸಿದರು. ಒಪ್ಪದವರು ಹಳೆಯ ದಾಖಲೆಯನ್ನು ಎಥೇರಿಯಂ ಕ್ಲಾಸಿಕ್ ಎಂದು ಮುಂದುವರಿಸಿದರು. ‘ತಿದ್ದಲಾಗದು’ ಎಂಬ ಮಾತಿನ ಹಿಂದೆಯೂ ಮನುಷ್ಯರ ಒಮ್ಮತವೇ ಇದೆ ಎಂದು ವಿದ್ಯಾರ್ಥಿಗಳು ಬರೆದುಕೊಂಡರು.

ಹಂತ 5: ತೆರಿಗೆಯ ಪ್ರಶ್ನೆ. ಹಲಗೆಯ ಮೇಲೆ ಒಂದು ಲೆಕ್ಕ. ಒಬ್ಬರು ‘ಎ’ ಕಾಯಿನ್ 10,000 ರೂ.ಗೆ ಕೊಂಡು 15,000ಕ್ಕೆ ಮಾರಿದರು. ‘ಬಿ’ ಕಾಯಿನ್ 10,000ಕ್ಕೆ ಕೊಂಡು 5,000ಕ್ಕೆ ಮಾರಿದರು. ಒಟ್ಟಾರೆ ಲಾಭ ಎಷ್ಟು? ಸೊನ್ನೆ. ತೆರಿಗೆ ಎಷ್ಟು? ‘ಎ’ಯ ಲಾಭ 5,000ಕ್ಕೆ ಶೇ 30ರಂತೆ 1,500 ರೂ., ಜೊತೆಗೆ ಸೆಸ್. ‘ಬಿ’ಯ ನಷ್ಟವನ್ನು ಕಳೆಯಲು ಅವಕಾಶವಿಲ್ಲ. ಲಾಭವೇ ಇಲ್ಲದೆ ತೆರಿಗೆ ಕಟ್ಟಬೇಕಾದ ಸ್ಥಿತಿ ಕಂಡು ಮಕ್ಕಳು ಬೆರಗಾದರು.

“ಈಗ ಹೇಳಿ, ತೆರಿಗೆ ಅಂದ್ರೆ ಒಪ್ಪಿಗೆಯಾ?” ತೆರಿಗೆ ಕಾನೂನು ಆದಾಯವನ್ನು ನೋಡುತ್ತದೆ, ಅಕ್ರಮ ದಾರಿಯ ಆದಾಯಕ್ಕೂ ತೆರಿಗೆ ಬೀಳುತ್ತದೆ. ಆದ್ದರಿಂದ ತೆರಿಗೆ ಅಂಗೀಕಾರದ ಮುದ್ರೆಯಲ್ಲ, ಭದ್ರತೆಯ ಭರವಸೆಯೂ ಅಲ್ಲ. ಬ್ಯಾಂಕಿನ ಠೇವಣಿಗೆ 5 ಲಕ್ಷ ರೂ.ವರೆಗೆ ವಿಮೆಯಿದೆ, ಕ್ರಿಪ್ಟೋಗೆ ಅಂಥದ್ದಿಲ್ಲ. ಹಾಗೆಯೇ 2022ರ ಡಿಸೆಂಬರ್ 1ರಂದು ಬೆಂಗಳೂರೂ ಸೇರಿ ನಾಲ್ಕು ನಗರಗಳಲ್ಲಿ ಪ್ರಾಯೋಗಿಕವಾಗಿ ಸಾರ್ವಜನಿಕರ ಬಳಕೆಗೆ ಬಂದ ಡಿಜಿಟಲ್ ರೂಪಾಯಿ ಬೇರೆ. ಅದು ರಿಸರ್ವ್ ಬ್ಯಾಂಕಿನ ಹೊಣೆಯಿರುವ ಕಾನೂನುಬದ್ಧ ಹಣ.

ಹಂತ 6: ದಿನಕ್ಕೆ ಶೇ 1. ಯಾರ ಹೆಸರನ್ನೂ ಎತ್ತದೆ ಪ್ರಶಿಕ್ಷಣಾರ್ಥಿ ಚಕ್ರಬಡ್ಡಿಯ ಲೆಕ್ಕ ಕೊಟ್ಟರು: 10,000 ರೂ. ದಿನಕ್ಕೆ ಶೇ 1ರಂತೆ ಬೆಳೆದರೆ ಒಂದು ವರ್ಷಕ್ಕೆ ಎಷ್ಟು? ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲಿ ಉತ್ತರ ಬಂತು: ಸುಮಾರು 3,77,800 ರೂ., ಅಂದರೆ ಹೆಚ್ಚುಕಡಿಮೆ 38 ಪಟ್ಟು. “ಇಷ್ಟು ಲಾಭ ಖಚಿತವಾಗಿ ಬರೋದಾದ್ರೆ, ಅವರು ನಿಮ್ಮ ಹತ್ತು ಸಾವಿರ ಯಾಕೆ ಕೇಳ್ತಾರೆ?” ಯಾರೂ ನಗಲಿಲ್ಲ. ಸೈಬರ್ ವಂಚನೆಯ ಸಹಾಯವಾಣಿ 1930 ಎಂಬ ಸಂಖ್ಯೆ ಹಲಗೆಯ ಮೂಲೆಯಲ್ಲಿ ಪಾಠ ಮುಗಿಯುವವರೆಗೂ ಇತ್ತು.

ಕಪ್ಪುಹಲಗೆ ಸಾರಾಂಶ

ರೂಪಾಯಿ, ಡಿಜಿಟಲ್ ರೂಪಾಯಿ: ಕಾನೂನುಬದ್ಧ ಹಣ.
ಕ್ರಿಪ್ಟೋ: ನಿಷೇಧವಿಲ್ಲ, ಹಣವಲ್ಲ, ತೆರಿಗೆಯಿದೆ, ನಷ್ಟಕ್ಕೆ ರಕ್ಷಣೆಯಿಲ್ಲ.
ಬ್ಲಾಕ್‌ಚೈನ್: ದಾಖಲೆಯ ವಿಧಾನ, ಕಾಯಿನ್ ಇಲ್ಲದೆಯೂ ಬಳಸಬಹುದು.
ಸ್ಮಾರ್ಟ್ ಕಾಂಟ್ರ್ಯಾಕ್ಟ್: ಷರತ್ತನ್ನು ತಪ್ಪದೆ ನಡೆಸುತ್ತದೆ, ಸತ್ಯವನ್ನು ತಿಳಿಯದು.

ಮೌಲ್ಯಮಾಪನ

1. 2020ರ ತೀರ್ಪು ಏನನ್ನು ರದ್ದುಪಡಿಸಿತು, ಏನನ್ನು ಹೇಳಲಿಲ್ಲ?
2. ಪುಟದ ಮೊತ್ತಗಳು 12, 30, 18. ಸಾಲಿನ ಸಂಖ್ಯೆಯಿಂದ ಗುಣಿಸಿ ಗುರುತು ಕಂಡುಹಿಡಿಯಿರಿ. 30ನ್ನು 20 ಮಾಡಿದರೆ ಗುರುತು ಎಷ್ಟು? (126, 106)
3. ಮನೆ ಬಾಡಿಗೆಯ ಕರಾರಿನಲ್ಲಿ ಯಾವ ಷರತ್ತನ್ನು ಪ್ರೋಗ್ರಾಂಗೆ ಬಿಡಬಹುದು, ಯಾವುದನ್ನು ಮನುಷ್ಯರೇ ತೀರ್ಮಾನಿಸಬೇಕು? ಕಾರಣ ಕೊಡಿ.

ಮೂರನೆಯ ಪ್ರಶ್ನೆಗೆ ಬಂದ ಉತ್ತರಗಳಲ್ಲಿ ಒಂದು ನನಗೆ ಹಿಡಿಸಿತು: ತಿಂಗಳ ಬಾಡಿಗೆ ಜಮೆ ಮಾಡುವುದನ್ನು ಬಿಡಬಹುದು, ‘ಮನೆ ಹಾಳು ಮಾಡಿದ್ದಾರೆ’ ಎಂದು ಮುಂಗಡ ಹಿಡಿಯುವುದನ್ನು ಬಿಡಬಾರದು, ಗೋಡೆಯ ಬಿರುಕು ಯಾರದ್ದು ಎಂದು ಡಬ್ಬಿಗೆ ಗೊತ್ತಾಗುವುದಿಲ್ಲ.

ವೀಕ್ಷಕರ ಟಿಪ್ಪಣಿ

ಮರುಪಾಠದಲ್ಲೂ ಕೊರತೆಗಳಿದ್ದವು. ಹಂತ 2ಕ್ಕೆ ಸಮಯ ಹೆಚ್ಚು ಹೋಗಿ, ವಿದೇಶಗಳ ಹೋಲಿಕೆ ಓದಿ ಹೇಳಿದಂತಾಯಿತು. ಎರಡು ಮಾಡಿ ಮೂರನ್ನು ಬಿಟ್ಟರೂ ನಷ್ಟವಿಲ್ಲ. ಒಬ್ಬ ವಿದ್ಯಾರ್ಥಿ “ಹಾಗಾದ್ರೆ ಬಿಟ್‌ಕಾಯಿನ್ ತಗೊಳ್ಳೋದಾ ಬೇಡ್ವಾ?” ಎಂದಾಗ ಪ್ರಶಿಕ್ಷಣಾರ್ಥಿ ಸಲಹೆ ಕೊಡದೆ ಹಲಗೆಯ ಎರಡನೆಯ ಸಾಲನ್ನು ತೋರಿಸಿದರು. ಅದು ಸರಿ. ಹೂಡಿಕೆಯ ಸಲಹೆ ಶಿಕ್ಷಕರ ಕೆಲಸವಲ್ಲ; ಹೂಡುವ ಮುನ್ನ ಕೇಳಬೇಕಾದ ಪ್ರಶ್ನೆಗಳನ್ನು ಕಲಿಸುವುದು ನಮ್ಮ ಕೆಲಸ.

ಈ ವಿಷಯ ಆರಿಸಿಕೊಳ್ಳುವವರಿಗೆ ಮೂರು ಮಾತು. ನಿಯಮದ ದಿನಾಂಕಗಳನ್ನು ಪಾಠದ ಹಿಂದಿನ ದಿನ ಮತ್ತೆ ನೋಡಿಕೊಳ್ಳಿ. ಇದು ಬದಲಾಗುತ್ತಿರುವ ಕ್ಷೇತ್ರ. ಆ್ಯಪ್, ವಿನಿಮಯ ಕೇಂದ್ರಗಳ ಹೆಸರನ್ನು ತರಗತಿಯಲ್ಲಿ ಹೇಳಬೇಡಿ. ಎಚ್ಚರಿಕೆಗೆ ಹೇಳಿದ್ದೂ ಜಾಹೀರಾತಾಗುತ್ತದೆ. ಮೋಸ ಹೋದವರ ಮನೆಯ ಮಕ್ಕಳು ತರಗತಿಯಲ್ಲಿ ಇರಬಹುದೆಂಬ ಎಣಿಕೆಯಿಂದಲೇ ಮಾತಾಡಿ. ದುರಾಸೆ, ದಡ್ಡತನ ಎಂಬ ಪದಗಳು ಬೇಡ. ಅವು ಮಗುವಿನ ಬಾಯಿ ಮುಚ್ಚಿಸುತ್ತವೆ.

ಆ ಹುಡುಗ ಮರುಪಾಠದ ದಿನ ಒಂದೂ ಪ್ರಶ್ನೆ ಕೇಳಲಿಲ್ಲ. ಗಂಟೆ ಹೊಡೆದ ಮೇಲೆ ಎಲ್ಲರೂ ಹೋಗುವವರೆಗೆ ಕಾದು, ಹಲಗೆಯ ಮೂಲೆಯ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದುಕೊಂಡ. “ಅಣ್ಣ ಅಪ್ಪನಿಗೆ ಹೇಳಿದ್ದಾನೆ ಮೇಡಂ. ಇನ್ನು ಹಾಕಲ್ಲ ಅಂದ. ಹಾಕಿದ್ದು ಬರುತ್ತೋ ಇಲ್ವೋ ಗೊತ್ತಿಲ್ಲ” ಎಂದ. ಪ್ರಶಿಕ್ಷಣಾರ್ಥಿ ದೂರು ಕೊಡುವಾಗ ಹಣ ಕಳಿಸಿದ ದಿನಾಂಕ, ಬ್ಯಾಂಕಿನ ಸಂದೇಶ, ಗುಂಪಿನಲ್ಲಿ ಬಂದ ಮಾತುಗಳ ಪ್ರತಿ ಇರಬೇಕೆಂದು ತಿಳಿಸಿದರು. ಬೋಧನಾಭ್ಯಾಸದ ಅಂಕಪಟ್ಟಿಯಲ್ಲಿ ಇದಕ್ಕೆ ಕಾಲಂ ಇಲ್ಲ. ಆದರೂ ವೀಕ್ಷಣಾ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ.